ಏಳು ಗಂಟಿನ ಬಿದಿರು

ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ವಿಷ್ಣು ಸಹಸ್ರನಾಮ ಎಷ್ಟು ಉದ್ದ ಎಂಬುದು ಮೊರದ ಲೆಕ್ಕದಲ್ಲಿ ಗೊತ್ತಿತ್ತು. ಅವಳು ಎರಡು ಮೊರ ಅಕ್ಕಿ ಆರಿಸಿ ಮುಗಿಸುವ ಹೊತ್ತಿಗೆ ನಾನು ಫಲಶ್ರುತಿಗೆ ಬಂದಿರಬೇಕು. ಒಂದು ಶನಿವಾರ ಮೊದಲ ಮೊರದ ಕಲ್ಲು, ನುಚ್ಚು ಇನ್ನೂ ಬದಿಗೆ ಸರಿದಿರಲಿಲ್ಲ, ನಾನು ಕೈಮುಗಿದು ಎದ್ದುಬಿಟ್ಟೆ. ‘ದೇವರ ಅರ್ಧ ಹೆಸರು ನುಂಗಿ ಎಲ್ಲಿಗೆ ಹೊರಟೆಯೋ?’ ಎಂದಳು. ಒಂದಕ್ಷರವೂ ಬಿಟ್ಟಿಲ್ಲ ಎಂದು ಆಣೆ ಹಾಕಿದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಎಲ್ಲಿ ನುಂಗಿದ್ದೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸಹಸ್ರನಾಮದ 19ನೆಯ ಶ್ಲೋಕದ ಉತ್ತರಾರ್ಧ ‘ಅನಿರ್ದೇಶ್ಯವಪು’ ಎಂಬ ನಾಮದಿಂದ ಶುರುವಾಗುತ್ತದೆ. 70ನೆಯ ಶ್ಲೋಕದ ಉತ್ತರಾರ್ಧವೂ ಅದೇ ನಾಮದಿಂದಲೇ. ಒಂದು 177ನೆಯ ಹೆಸರು, ಇನ್ನೊಂದು 656ನೆಯದು. ಮೊದಲನೆಯದರ ಬೆನ್ನಿಗೆ ‘ಶ್ರೀಮಾನ್’ ಬರಬೇಕು, ಎರಡನೆಯದರ ಬೆನ್ನಿಗೆ ‘ವಿಷ್ಣು’. ಗಮನವಿಲ್ಲದವನ ಬಾಯಲ್ಲಿ ಮೊದಲನೆಯದಕ್ಕೇ ‘ವಿಷ್ಣು’ ಬಂದುಬಿಟ್ಟರೆ ಕಥೆ ಮುಗಿಯಿತು. ಅರಸೀಕೆರೆಯಲ್ಲಿ ಹುಬ್ಬಳ್ಳಿಗೆ ಹೋಗಬೇಕಾದ ಗಾಡಿ ಹಾಸನದ ಹಳಿಗೆ ತಿರುಗಿದ ಹಾಗೆ. ಸದ್ದಿಲ್ಲ, ಕುಲುಕಿಲ್ಲ, ನಡುವಿನ 478 ಹೆಸರು ಮಾಯ. ಉಲ್ಟಾ ತಪ್ಪುವವರೂ ಉಂಟು. ಅವರು 70ರಿಂದ 19ಕ್ಕೆ ಹಿಂದೆ ಬಂದು ಅದೇ ಸುತ್ತನ್ನು ಮತ್ತೆ ಹೊಡೆಯುತ್ತಾರೆ. ಇವತ್ತೇಕೋ ಮುಗಿಯುತ್ತಲೇ ಇಲ್ಲ ಎಂದು ಗೊಣಗುತ್ತಾರೆ.

ಇದರಲ್ಲಿ ನನ್ನನ್ನು ಈಗಲೂ ಬೆಚ್ಚಿಬೀಳಿಸುವುದು ಹಾರಿಹೋದ ಹೆಸರುಗಳಲ್ಲ. ಆ ಇಡೀ ಹೊತ್ತು ನಾಲಿಗೆ ಒಂದು ಒತ್ತಕ್ಷರವನ್ನೂ ತಪ್ಪಿರಲಿಲ್ಲ. ನಾನಿಲ್ಲದೆಯೇ ಅದು ಕೆಲಸ ಮಾಡುತ್ತಿತ್ತು. ಬಾಯಿಪಾಠವಾದ ಸ್ತೋತ್ರದ ಕಷ್ಟವೇ ಇದು. ಚೆನ್ನಾಗಿ ಬಂದಷ್ಟೂ ಮನಸ್ಸಿಗೆ ರಜೆ.

‘ಪಾರಾಯಣಕ್ಕೆ ಕೂತರೆ ಮನಸ್ಸು ನಿಲ್ಲುವುದಿಲ್ಲ, ಏನು ಮಾಡಲಿ?’ ಎಂದು ಕೇಳದ ಆಸ್ತಿಕರಿಲ್ಲ. ಸಿದ್ಧ ಉತ್ತರವೂ ಒಂದಿದೆ: ಭಕ್ತಿ ಇದ್ದರೆ ತಾನೇ ನಿಲ್ಲುತ್ತದೆ. ನಿದ್ದೆ ಬರುವುದಿಲ್ಲ ಎಂದವನಿಗೆ, ನಿದ್ದೆ ಬಂದರೆ ಸರಿಹೋಗುತ್ತದೆ ಎಂದ ಹಾಗಾಯಿತು. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನ ಇದೇ ದೂರು ಹೇಳುತ್ತಾನೆ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟ ಎನ್ನುತ್ತಾನೆ. ಕೃಷ್ಣ ಅವನನ್ನು ಗದರುವುದಿಲ್ಲ, ನಿನಗೆ ಭಕ್ತಿ ಸಾಲದು ಎನ್ನುವುದೂ ಇಲ್ಲ. ಹೌದು, ಕಷ್ಟವೇ ಎಂದು ಮೊದಲು ಒಪ್ಪಿಕೊಂಡು, ಆಮೇಲೆ ಅಭ್ಯಾಸ, ವೈರಾಗ್ಯಗಳ ಮಾತಿಗೆ ಬರುತ್ತಾನೆ. ಪಾರಾಯಣದ ಬಗ್ಗೆ ಉಪದೇಶ ಮಾಡುವವರು ಕೃಷ್ಣನ ಆ ಒಪ್ಪಿಗೆಯ ಸಾಲನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಅವರಿಗೂ ಒಂದು ‘ಅನಿರ್ದೇಶ್ಯವಪು’ ಅಡ್ಡ ಬರುತ್ತದೆಯೋ ಏನೋ.

ಗಾಳಿಯನ್ನು ಹಿಡಿದ ಕಥೆಯೊಂದಿದೆ, ಅದೂ ನಮ್ಮ ತುಂಗಭದ್ರೆಯ ದಡದ್ದು. ಭಾಗವತ ಸಪ್ತಾಹಕ್ಕೆ ಮೊದಲು ಓದುವ ‘ಭಾಗವತ ಮಾಹಾತ್ಮ್ಯ’ದಲ್ಲಿ, ಅಂದರೆ ಪದ್ಮಪುರಾಣದ ಭಾಗದಲ್ಲಿ, ಅದು ಬರುತ್ತದೆ. ನದಿಯ ಹೆಸರು ಹೇಳುವ ಪುರಾಣ ಊರಿನ ಹೆಸರನ್ನು ಮಾತ್ರ ಹೇಳಿಲ್ಲ. ಹರಿಹರದವರೂ ಹಂಪಿಯವರೂ ತಮ್ಮದೇ ಎಂದುಕೊಳ್ಳಲಿ, ಅಡ್ಡಿಯಿಲ್ಲ. ಅಲ್ಲಿ ಆತ್ಮದೇವನೆಂಬ ಬ್ರಾಹ್ಮಣ. ಮಕ್ಕಳಿಲ್ಲ. ಸನ್ಯಾಸಿಯೊಬ್ಬ ಕೊಟ್ಟ ಹಣ್ಣನ್ನು ಹೆಂಡತಿ ಧುಂಧುಲಿ ತಾನು ತಿನ್ನದೆ ಹಸುವಿಗೆ ಹಾಕಿದಳು, ತಂಗಿಯ ಮಗುವನ್ನು ತನ್ನದೆಂದು ಸಾಕಿದಳು. ಹಸುವಿಗೆ ಹುಟ್ಟಿದವನು ಹಸುವಿನ ಕಿವಿಯ ಗೋಕರ್ಣ. ತಂಗಿಯ ಮಗ ಧುಂಧುಕಾರಿ. ಅವನು ಮಾಡದ ಪಾಪವಿಲ್ಲ. ಕೊನೆಗೆ ತಾನು ಮನೆಯಲ್ಲಿಟ್ಟುಕೊಂಡ ಐವರು ವೇಶ್ಯೆಯರ ಕೈಯಲ್ಲೇ ಸತ್ತು ಪ್ರೇತವಾದ. ಗೋಕರ್ಣ ಗಯೆಗೆ ಹೋಗಿ ಶ್ರಾದ್ಧ ಮಾಡಿದರೂ ಬಿಡುಗಡೆಯಿಲ್ಲ. ಏಳು ದಿನ ಭಾಗವತ ಓದು ಎಂದು ಸೂರ್ಯನೇ ಹೇಳಿದ ಮೇಲೆ ಊರೆಲ್ಲ ಸೇರಿತು, ಓದು ಶುರುವಾಯಿತು.

ಪ್ರೇತವೂ ಕೇಳಲು ಬಂತು. ಆದರೆ ಅದಕ್ಕಿರುವುದು ಗಾಳಿಯ ರೂಪ. ಒಂದು ಕಡೆ ಕೂರಲಾಗುವುದಿಲ್ಲ. ಅದು ತಾನು ಯಾಕೆ ಹೀಗೆ ಚಂಚಲ ಎಂದು ಹಲುಬಲಿಲ್ಲ. ಸುತ್ತ ನೋಡಿತು, ಏಳು ಗಂಟಿನ ಬಿದಿರೊಂದು ಕಂಡಿತು, ಅದರ ಬುಡದ ತೂತಿನಿಂದ ಒಳಹೊಕ್ಕು ಕೂತಿತು. ದಿನದ ಓದು ಮುಗಿದಾಗ ಒಂದೊಂದು ಗಂಟು ಚಟ್ಟೆಂದು ಸೀಳುತ್ತಿತ್ತು. ಏಳನೆಯ ದಿನ ಧುಂಧುಕಾರಿ ದಿವ್ಯರೂಪದಲ್ಲಿ ಹೊರಬಂದ. ವಿಮಾನ ಇಳಿಯಿತು, ಅವನೊಬ್ಬನಿಗಾಗಿ ಮಾತ್ರ. ಗೋಕರ್ಣನಿಗೆ ಇದು ಸರಿಕಾಣಲಿಲ್ಲ. ಎಲ್ಲರೂ ಅದೇ ಕಥೆ ಕೇಳಿದ್ದಾರೆ, ಉಳಿದವರಿಗೆ ವಿಮಾನ ಏಕಿಲ್ಲ ಎಂದು ಕೇಳಿದ. ಹರಿಯ ದೂತರ ಉತ್ತರ ನೇರವಾಗಿತ್ತು: ಕೇಳಿದ್ದು ಒಂದೇ, ಕೇಳಿದ ಬಗೆ ಒಂದೇ ಅಲ್ಲ. ಪ್ರೇತ ಏಳು ದಿನ ಉಪವಾಸವಿದ್ದು ಕೇಳಿದ್ದನ್ನು ಮೆಲುಕು ಹಾಕಿತು, ಮಿಕ್ಕವರು ಹಾಕಲಿಲ್ಲ. ಚಿತ್ತ ಚದುರಿದಾಗ ಮಾಡಿದ ಜಪ ಸತ್ತ ಹಾಗೇ ಎಂದೂ ಅವರು ಸೇರಿಸಿದರು.

ಮಿಕ್ಕವರ ಪರವಾಗಿ ನಾನೊಂದು ಮಾತು ಹೇಳಬೇಕು. ಸಂಪ್ರದಾಯದ ಲೆಕ್ಕದಲ್ಲಿ ಭಾಗವತಕ್ಕೆ 18,000 ಶ್ಲೋಕ. ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಎರಡೂವರೆ ಸಾವಿರದ ಮೇಲೆ. ಸೂರ್ಯೋದಯದಿಂದ ಮೂರೂವರೆ ಪ್ರಹರ, ಎಂದರೆ ಹತ್ತೂವರೆ ಗಂಟೆ ಓದಬೇಕು, ಮಧ್ಯಾಹ್ನ ಎರಡು ಘಳಿಗೆ ಬಿಡುವು ಎಂದು ಮಾಹಾತ್ಮ್ಯವೇ ವಿಧಿಸುತ್ತದೆ. ನಿಮಿಷಕ್ಕೆ ನಾಲ್ಕು ಶ್ಲೋಕಕ್ಕೂ ಹೆಚ್ಚು! ಆ ವೇಗದಲ್ಲಿ ಮೆಲುಕು ಹಾಕಲು ಪ್ರೇತವೇ ಆಗಬೇಕು. ಮನೋವೃತ್ತಿಯನ್ನು ಬಹಳ ದಿನ ಗೆದ್ದಿರುವುದು ಜನರಿಂದ ಆಗದು, ಅದಕ್ಕೇ ಏಳು ದಿನವೆಂದು ಗೊತ್ತುಮಾಡಿದ್ದು ಎಂದೂ ಅದೇ ಗ್ರಂಥ ಹೇಳುತ್ತದೆ. ಮನಸ್ಸಿನ ದೌರ್ಬಲ್ಯಕ್ಕೆ ಕೊಟ್ಟ ರಿಯಾಯಿತಿಯೇ ಮನಸ್ಸಿಗೆ ಓಟದ ಪಂದ್ಯವಾಯಿತಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇಷ್ಟು ಹೇಳಿದ ಕೂಡಲೇ ಯಾರಾದರೂ ಅಜಾಮಿಳನನ್ನು ಎಳೆದು ತರುತ್ತಾರೆ. ತರಲೇಬೇಕು. ಅದೇ ಭಾಗವತದ ಆರನೆಯ ಸ್ಕಂಧದಲ್ಲಿ ಅವನು ಸಾಯುವಾಗ ಕೂಗಿದ್ದು ದೇವರನ್ನಲ್ಲ, ಕಿರಿಯ ಮಗ ನಾರಾಯಣನನ್ನು. ಅಷ್ಟಕ್ಕೇ ಯಮದೂತರು ಹಿಂದೆ ಸರಿಯಬೇಕಾಯಿತು. ಗಮನವೇ ಇಲ್ಲದ ನಾಮಕ್ಕೂ ಫಲವಿದ್ದರೆ ನಮಗೇಕೆ ಈ ತಲೆನೋವು? ಆದರೆ ಕಥೆಯನ್ನು ನಿಧಾನವಾಗಿ ಓದಿದರೆ ಎರಡು ವಿಷಯ ಕಾಣುತ್ತವೆ. ಮಗನನ್ನು ಕೂಗಿದ ಆ ಗಳಿಗೆಯಲ್ಲಿ ಅಜಾಮಿಳನ ಮನಸ್ಸು ಬೇರೆಲ್ಲೂ ಇರಲಿಲ್ಲ. ವಿಳಾಸ ತಪ್ಪಿತ್ತು, ಕೂಗು ತಪ್ಪಿರಲಿಲ್ಲ. ಇನ್ನು, ಅವನು ಆಗಲೇ ವೈಕುಂಠಕ್ಕೆ ಹೋಗಲಿಲ್ಲ. ಯಮದೂತರ, ವಿಷ್ಣುದೂತರ ಸಂವಾದವನ್ನೆಲ್ಲ ಕೇಳಿ, ನಾಚಿ, ಮನೆ ಬಿಟ್ಟು ಗಂಗಾದ್ವಾರಕ್ಕೆ ಹೋಗಿ ಕೂತು ಸಾಧನೆ ಮಾಡಿದ. ಪ್ರವಚನಗಳಲ್ಲಿ ಈ ಎರಡನೆಯ ಭಾಗಕ್ಕೆ ಸಮಯ ಸಾಲುವುದಿಲ್ಲ, ಮಂಗಳಾರತಿಗೆ ಹೊತ್ತಾಗಿರುತ್ತದೆ.

ಬಿದಿರಿಗೆ ಮರಳೋಣ. ಮನಸ್ಸಿಗೆ ‘ನಿಲ್ಲು’ ಎಂದು ಆಜ್ಞೆ ಕೊಡುವುದರಿಂದ ಏನೂ ಆಗುವುದಿಲ್ಲ, ಏಕೆಂದರೆ ಆಜ್ಞೆ ಕೊಡುತ್ತಿರುವುದೂ ಅದೇ ಮನಸ್ಸು. ನಮ್ಮ ಹಿಂದಿನ ಓದುಗರು ಇದನ್ನು ಬಲ್ಲವರಾಗಿದ್ದರು. ಅವರು ಗಂಟಲನ್ನು, ಕಿವಿಯನ್ನು, ಕೈಯನ್ನು, ಪಕ್ಕದಲ್ಲಿ ಕೂತವನನ್ನು ಕೆಲಸಕ್ಕೆ ಹಚ್ಚಿದರು. ಗಾಳಿ ಕೂರಲು ಒಂದು ಕೊಳವೆ ಮಾಡಿಕೊಟ್ಟರು.

ಪಾಣಿನೀಯ ಶಿಕ್ಷೆ ಎಂಬ ಉಚ್ಚಾರಣಶಾಸ್ತ್ರದ ಪುಟ್ಟ ಗ್ರಂಥವೊಂದಿದೆ. ಅದು ಆರು ಮಂದಿ ಅಧಮ ಪಾಠಕರನ್ನು ಪಟ್ಟಿ ಮಾಡುತ್ತದೆ: ಹಾಡಿನಂತೆ ಎಳೆಯುವವನು, ಅವಸರದವನು, ತಲೆಯಾಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ತಿಳಿಯದವನು, ದನಿ ಅಡಗಿದವನು. ನಾನು ಒಮ್ಮೆ ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನನ್ನದೇ ಬೆಳಗಿನ ಪಾರಾಯಣವನ್ನು ಅಳೆದುಕೊಂಡೆ. ಆರರಲ್ಲಿ ನಾಲ್ಕು ಅಂಕ ಬಂತು. ಮೊಬೈಲ್ ನೋಡಿ ಓದುವುದನ್ನು ನಾಲ್ಕನೆಯ ದೋಷಕ್ಕೆ ಸೇರಿಸಬೇಕೋ ಬೇಡವೋ ಎಂದು ಹಿಂಜರಿದೆ. ಆ ಹೊತ್ತಿಗೆ ಸರಿಯಾಗಿ ಪರದೆಯ ಮೇಲಿಂದ ಒಂದು ಮೆಸೇಜ್ ಇಳಿದು ಶ್ಲೋಕದ ಎರಡನೆಯ ಪಾದವನ್ನು ಮುಚ್ಚಿ ತೀರ್ಪು ಕೊಟ್ಟಿತು.

ಅದೇ ಗ್ರಂಥದ ಒಂದು ಹೋಲಿಕೆ ನನಗೆ ಬಹಳ ಇಷ್ಟ. ಹುಲಿ ತನ್ನ ಮರಿಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಯ್ಯುತ್ತದಲ್ಲ, ಬೀಳಿಸಲೂ ಬಾರದು, ಗಾಯ ಮಾಡಲೂ ಬಾರದು. ಅಕ್ಷರಗಳನ್ನು ಹಾಗೆ ಹಿಡಿಯಬೇಕಂತೆ. ಹುಲಿ ನೋಡದವರು ಹಿತ್ತಲಲ್ಲಿ ಬೆಕ್ಕು ಮರಿ ಒಯ್ಯುವುದನ್ನು ನೆನೆಸಿಕೊಳ್ಳಿ. ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡದೆ, ವಿಸರ್ಗವನ್ನು ನುಂಗದೆ, ಹಾಗೆಂದು ಒತ್ತಿ ಒತ್ತಿ ಸುತ್ತಿಗೆಯಲ್ಲಿ ಹೊಡೆದಂತೆಯೂ ಆಗದೆ ನಾಲ್ಕು ಶ್ಲೋಕ ಹೇಳಿನೋಡಿ. ಆ ನಾಲ್ಕು ಶ್ಲೋಕದ ಮಟ್ಟಿಗೆ ಅಂಗಡಿಯ ಬಾಕಿ ನೆನಪಾಗುವುದಿಲ್ಲ. ಬಾಯಿಯಲ್ಲಿ ಮರಿ ಇದ್ದಾಗ ತಾಯಿಬೆಕ್ಕು ಇಲಿ ಹಿಡಿಯಲು ಹೋಗದು.

ವೇದ ಕಲಿತವರ ಘನಪಾಠ ಇದರ ತುತ್ತತುದಿ. ಅಲ್ಲಿ ಪದಗಳ ಸರದಿ ಹೀಗೆ: ಒಂದು, ಎರಡು, ಎರಡು, ಒಂದು, ಒಂದು, ಎರಡು, ಮೂರು, ಮೂರು, ಎರಡು, ಒಂದು, ಒಂದು, ಎರಡು, ಮೂರು. ಮೂರು ಪದ ದಾಟಲು ಹದಿಮೂರು ಪದ ಉಚ್ಚರಿಸಬೇಕು, ಹಿಂದುಮುಂದಾದಾಗಲೆಲ್ಲ ಸಂಧಿ, ಸ್ವರ ಬದಲಾಗುವುದನ್ನು ನೋಡಿಕೊಳ್ಳಬೇಕು. ಇದನ್ನು ಕಟ್ಟಿದ್ದು ಪಾಠ ಕೆಡದಿರಲಿ ಎಂಬ ಕಾವಲಿಗೆ, ನಿಜ. ಆದರೆ ಘನ ಹೇಳುತ್ತ ಮನಸ್ಸು ಬೇರೆಡೆ ಹೋದರೆ ಎರಡನೆಯ ಮಡಿಕೆಯಲ್ಲೇ ಎಡವಿ ಬೀಳುತ್ತೀರಿ. ನನ್ನ ಸಹಸ್ರನಾಮದ ಹಾಗೆ 478 ಹೆಸರು ಹಾರಿ ಏನೂ ಆಗದವರಂತೆ ಎದ್ದು ಹೋಗುವ ಸೌಕರ್ಯ ಅಲ್ಲಿಲ್ಲ.

ಕನ್ನಡ ಕಂಡುಕೊಂಡ ಉಪಾಯ ಇನ್ನೂ ಸೊಗಸಾದದ್ದು. ಗಮಕದಲ್ಲಿ ಓದುವವರು ಒಬ್ಬರು, ವ್ಯಾಖ್ಯಾನ ಹೇಳುವವರು ಇನ್ನೊಬ್ಬರು. ಶಿವಮೊಗ್ಗದ ಪಕ್ಕ, ತುಂಗೆಯ ಈಚೆ ಆಚೆ ದಡದಲ್ಲಿರುವ ಮತ್ತೂರು, ಹೊಸಹಳ್ಳಿಗಳಲ್ಲಿ ಇದು ಮನೆಮಾತು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಹೊಸಹಳ್ಳಿಯವರೇ. ಕುಮಾರವ್ಯಾಸನ ಒಂದು ಷಟ್ಪದಿಯನ್ನು ಗಮಕಿ ಎತ್ತಿಕೊಂಡರೆ ಮೂರನೆಯ ಸಾಲಿನಲ್ಲಿ ತಂಗುತ್ತಾರೆ. ಭಾಮಿನಿಯಲ್ಲಿ ಉಳಿದ ಸಾಲಿಗೆ ಹದಿನಾಲ್ಕು ಮಾತ್ರೆ, ಮೂರು ಮತ್ತು ಆರನೆಯ ಸಾಲಿಗೆ ಇಪ್ಪತ್ತಮೂರು. ಛಂದಸ್ಸೇ ತಂಗುದಾಣ ಕಟ್ಟಿದೆ. ಪದ್ಯ ಮುಗಿದಾಗ ಓದು ನಿಂತು ವ್ಯಾಖ್ಯಾನಕಾರರು ಶುರುಮಾಡುತ್ತಾರೆ. ಅವರು ಮುಗಿಸುವತನಕ ಗಮಕಿ ಕಾಯಬೇಕು. ಮುಂದಿನ ಪದ್ಯವನ್ನು ಯಾವ ರಾಗದಲ್ಲಿ ಎತ್ತಬೇಕೆಂಬುದು ಆ ವ್ಯಾಖ್ಯಾನ ಎಲ್ಲಿಗೆ ಮುಟ್ಟಿತು ಎಂಬುದರ ಮೇಲೆ ನಿಂತಿದೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಒಂದು ಹೆಜ್ಜೆ ಇಡಲಾರರು. ಒಂದು ಸಂಜೆಗೆ ಹತ್ತು ಹದಿನೈದು ಪದ್ಯ ಮುಗಿದರೆ ಹೆಚ್ಚು. ಯಾರೂ ಅದನ್ನು ಕಡಿಮೆಯಾಯಿತು ಎನ್ನುವುದಿಲ್ಲ.

ಕುಮಾರವ್ಯಾಸನ ಬಗ್ಗೆ ಗದುಗಿನಲ್ಲಿ ಹೇಳುವ ಐತಿಹ್ಯವೂ ಇದಕ್ಕೇ ಹೊಂದುತ್ತದೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ವೀರನಾರಾಯಣನ ಗುಡಿಯ ಕಂಬದ ಬಳಿ ಕೂರುತ್ತಿದ್ದನಂತೆ, ಬಟ್ಟೆ ಒಣಗುವವರೆಗೆ ಮಾತ್ರ ಕಾವ್ಯ ಹೊಮ್ಮುತ್ತಿತ್ತಂತೆ. ನಿಜವೋ ಕಥೆಯೋ, ಒಳ್ಳೆಯ ಗಡಿಯಾರ. ಒದ್ದೆ ಬಟ್ಟೆಯ ಚಳಿ ಇರುವಷ್ಟು ಹೊತ್ತು ತೂಕಡಿಕೆ ಬಾರದು. ಅದು ಆರಿದ ಮೇಲೆ ಕೂತರೂ ಕೂತಂತಲ್ಲ.

ಅರ್ಥದ ಪ್ರಶ್ನೆ ಉಳಿಯಿತು. ವೇದ ಓದಿ ಅರ್ಥ ಅರಿಯದವನು ಭಾರ ಹೊತ್ತ ಕಂಬ ಎಂದು ಯಾಸ್ಕ ತನ್ನ ನಿರುಕ್ತದಲ್ಲಿ ಹೇಳುತ್ತಾನೆ. ಮಂತ್ರಗಳಿಗೆ ಅರ್ಥವೇ ಇಲ್ಲ ಎಂದು ವಾದಿಸಿದ ಕೌತ್ಸನೆಂಬವನ ಮತವನ್ನೂ ಮರೆಮಾಚದೆ ಇಟ್ಟು, ಕುರುಡನಿಗೆ ಕಂಬ ಕಾಣದಿದ್ದರೆ ಅದು ಕಂಬದ ತಪ್ಪೇ ಎಂದು ಕೇಳುತ್ತಾನೆ. ಈ ಜಗಳದಲ್ಲಿ ನಾನು ಯಾಸ್ಕನ ಪಕ್ಷ, ಆದರೆ ಒಂದು ತಕರಾರಿನೊಂದಿಗೆ. ಸಾವಿರ ನಾಮಗಳನ್ನು ಇಪ್ಪತ್ತು ನಿಮಿಷದಲ್ಲಿ ಹೇಳಿದರೆ ನಿಮಿಷಕ್ಕೆ ಐವತ್ತು. ಪ್ರತಿಯೊಂದಕ್ಕೂ ಅರ್ಥ ನೆನೆಯುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಅರ್ಥವನ್ನು ಪಾರಾಯಣದ ಹೊರಗೆ, ಬೇರೆ ಹೊತ್ತಿನಲ್ಲಿ, ದಿನಕ್ಕೊಂದು ನಾಮದಂತೆ ಕಲಿಯುವುದು ವಾಸಿ. ಕಲಿತದ್ದು ಹೇಳುವಾಗ ತಾನೇ ನಡುವೆ ಅಲ್ಲೊಂದು ಇಲ್ಲೊಂದು ಮಿಣುಕುತ್ತದೆ. ದಿನಕ್ಕೊಂದೆಂದರೆ ಎರಡೂಮುಕ್ಕಾಲು ವರ್ಷ ಹಿಡಿಯುತ್ತದೆ. ಹಿಡಿಯಲಿ.

ದನಿಯ ವಿಷಯದಲ್ಲೂ ಅವಸರ ಕಾಣುತ್ತೇನೆ. ವಿಧಿಯಜ್ಞಕ್ಕಿಂತ ಜಪ ಹತ್ತು ಪಾಲು, ಪಕ್ಕದವನಿಗೂ ಕೇಳಿಸದ ಉಪಾಂಶು ನೂರು ಪಾಲು, ಮಾನಸಜಪ ಸಾವಿರ ಪಾಲು ಶ್ರೇಷ್ಠ ಎಂಬ ಮನುಸ್ಮೃತಿಯ ಶ್ರೇಣಿಯನ್ನು ಕೇಳಿದವರು ನೇರ ಸಾವಿರಕ್ಕೇ ಕೈಹಾಕುತ್ತಾರೆ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಶುರುಮಾಡಿ ಐದು ನಿಮಿಷದಲ್ಲಿ ಗೊರಕೆ. ದನಿ ಎಂಬುದು ಕರುವಿನ ಹಗ್ಗ. ಎಳೆಗರುವಿಗೆ ಹಗ್ಗ ಬಿಚ್ಚಿದರೆ ಅದು ಹೋಗುವುದು ಕೊಟ್ಟಿಗೆಗಲ್ಲ. 2020ರ ಲಾಕ್‌ಡೌನ್‌ನಲ್ಲಿ ಝೂಮ್ ಪಾರಾಯಣ ಶುರುವಾದಾಗ ಇದು ಇನ್ನೊಂದು ರೀತಿಯಲ್ಲಿ ಕಂಡಿತು. ಬೆಂಗಳೂರು, ಡಲ್ಲಾಸ್, ಸಿಡ್ನಿಯ ದನಿಗಳು ಹಿಂದುಮುಂದಾಗಿ ಬಂದು ಕಲಸಿ ಹೋಗುವುದರಿಂದ ಹೇಳಿಕೊಡುವವರೊಬ್ಬರನ್ನು ಬಿಟ್ಟು ಎಲ್ಲರೂ ಮ್ಯೂಟ್. ನೂರು ಚೌಕಗಳಲ್ಲಿ ನೂರು ತುಟಿಗಳು ಅಲುಗಾಡುತ್ತವೆ, ಒಬ್ಬರದೂ ಒಬ್ಬರಿಗೆ ಕೇಳಿಸದು. ನಾನು ಆ ಗುಂಪಿನಲ್ಲಿ ರುದ್ರ ಹೇಳುತ್ತಲೇ ಬಟಾಣಿ ಸುಲಿದಿದ್ದೇನೆ. ಭಜನಾಮಂಡಳಿಯಲ್ಲಿ ಎಡವಿದರೆ ಪಕ್ಕದವರ ಮೊಣಕೈ ತಿವಿಯುತ್ತಿತ್ತು. ಆ ತಿವಿತಕ್ಕೆ ಬದಲಿಯಾಗಿ ಝೂಮ್‌ನಲ್ಲಿ ಗುಂಡಿಯಿಲ್ಲ. ದೂರದ ಊರಿನಲ್ಲಿ ಒಬ್ಬರೇ ಇರುವವರಿಗೆ ಅದೂ ಒಂದು ಆಸರೆ ಎಂಬುದನ್ನು ಮಾತ್ರ ನಾನು ಅಲ್ಲಗಳೆಯಲಾರೆ.

ಬರೆಯುವುದು ಬೇರೆ ದಾರಿ. ಉಡುಪಿಯ ಪುತ್ತಿಗೆ ಮಠದ ಕೋಟಿ ಗೀತಾ ಲೇಖನ ಯಜ್ಞದಲ್ಲಿ ಜನ ಗೀತೆಯ ಏಳುನೂರು ಶ್ಲೋಕಗಳನ್ನು ಕೈಯಾರೆ ಬರೆದರು. ಕೋಟಿ ಎಂಬ ಸಂಖ್ಯೆ ಕೇಳಿದರೆ ನನಗೆ ಸ್ವಲ್ಪ ಅಂಜಿಕೆ. ಎಣಿಕೆಯ ಕಡೆ ಕಣ್ಣು ಹೋದವನ ಮನಸ್ಸು ಮಣಿಯಿಂದ ಮಣಿಗೆ ಹಾರುತ್ತದೆಯೇ ಹೊರತು ಮಣಿಯಲ್ಲಿ ಕೂರುವುದಿಲ್ಲ. ಜಪಮಣಿ ಕೈಯಲ್ಲಿ, ಪರಸತಿಯರ ಚಿಂತೆ ಮನಸ್ಸಿನಲ್ಲಿ ಎಂದು ಪುರಂದರದಾಸರು ‘ಉದರವೈರಾಗ್ಯ’ದ ಕೀರ್ತನೆಯಲ್ಲಿ ಹಂಗಿಸಿದ್ದು ಈ ಜಾತಿಯನ್ನೇ. ಆದರೂ ಕೈ ನಾಲಿಗೆಯಷ್ಟು ಬೇಗ ಓಡಲಾರದು. ಬರೆಯುವಾಗ ಯಾವ ಅಕ್ಷರಕ್ಕೆ ಯಾವ ಒತ್ತು ಎಂದು ನೋಡಲೇಬೇಕು.

ಪಾರಾಯಣದ ಮುಂಚಿನ ಸಂಕಲ್ಪವನ್ನು ನಾನು ಬಹುಕಾಲ ಪುರೋಹಿತರ ಪೀಠಿಕೆ ಎಂದು ಉದಾಸೀನ ಮಾಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಯಾವ ದ್ವೀಪ, ಯಾವ ನದಿಯ ಯಾವ ದಡ, ಯಾವ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ಬಾಯಿಬಿಟ್ಟು ಹೇಳುವಾಗ ಅಲೆಯುತ್ತಿದ್ದವನು ಹಿಡಿದು ತಂದಂತೆ ಈ ಕೋಣೆಯ ಈ ಮಣೆಗೆ ಬಂದು ಕೂರುತ್ತಾನೆ. ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಕೆಲವು ಪುರೋಹಿತರು ಜಂಬೂದ್ವೀಪ ಬಿಟ್ಟು ಕ್ರೌಂಚದ್ವೀಪ ಎನ್ನುತ್ತಾರೆ. ನಗುವವರು ನಗಲಿ, ಇರುವ ಜಾಗವನ್ನು ಹೇಳದಿದ್ದರೆ ಸಂಕಲ್ಪ ಏತಕ್ಕೆ? ಕೊನೆಯಲ್ಲಿ ಬಿಟ್ಟುಹೋದ ಅಕ್ಷರ, ಪದ, ಮಾತ್ರೆಗಳಿಗೆ ಕ್ಷಮೆ ಕೇಳುವ ಶ್ಲೋಕ ಇದ್ದೇ ಇದೆ. ತಪ್ಪು ಆಗಿಯೇ ಆಗುತ್ತದೆಂದು ಕಟ್ಟಿದವರಿಗೆ ಗೊತ್ತಿತ್ತು, ಖರ್ಚಿನ ಬಾಬತ್ತಿನಲ್ಲಿ ಮೊದಲೇ ಬರೆದಿಟ್ಟಿದ್ದರು.

ಗೋಕರ್ಣನ ಕಥೆಗೂ ಒಂದು ಬಾಲವಿದೆ. ಅವನು ಶ್ರಾವಣದಲ್ಲಿ ಇನ್ನೊಮ್ಮೆ ಏಳು ದಿನ ಅದೇ ಜನರಿಗೆ ಅದನ್ನೇ ಓದಿದ. ಈ ಸಲ ಊರಿನ ಸಮಸ್ತರಿಗೂ ವಿಮಾನ ಬಂತು, ನಾಯಿಗಳನ್ನೂ ಬಿಡಲಿಲ್ಲ. ನಾಯಿಗಳು ಎಷ್ಟು ಮನನ ಮಾಡಿದ್ದವೋ! ಗೋಕರ್ಣನ ಕೃಪೆ ಎಂದಷ್ಟೇ ಪುರಾಣ ಹೇಳಿ ಸುಮ್ಮನಾಗುತ್ತದೆ.

ಸಹಸ್ರನಾಮದಲ್ಲಿ ಎರಡು ಮೂರು ಸಲ ಬರುವ ಹೆಸರುಗಳಿಗೆ ಶಂಕರರ ಭಾಷ್ಯ ಪ್ರತಿ ಸಲವೂ ಹೊಸದೊಂದು ಅರ್ಥ ಕೊಡುತ್ತದೆ. 656ನೆಯ ಅನಿರ್ದೇಶ್ಯವಪುವಿಗೆ, ಗುಣಗಳನ್ನು ದಾಟಿದ್ದರಿಂದ ಇಂಥದ್ದೆಂದು ತೋರಿಸಲಾಗದ ರೂಪದವನು ಎಂದು. 177ನೆಯದಕ್ಕೆ, ತನಗೆ ತಾನೇ ತಿಳಿಯಬೇಕಾದ್ದರಿಂದ ಇನ್ನೊಬ್ಬರಿಗೆ ತೋರಿಸಲಾಗದ ರೂಪದವನು ಎಂದು. ಬೆಳಿಗ್ಗೆ ಆ ತಿರುವಿಗೆ ಬಂದಾಗ ಈಗ ಒಂದು ಉಸಿರು ನಿಲ್ಲುತ್ತೇನೆ, ‘ಶ್ರೀಮಾನ್’ ಎಂದು ಹಳಿ ನೋಡಿಕೊಂಡು ಮುಂದೆ ಹೋಗುತ್ತೇನೆ. ಅಕ್ಕಿ ಈಗ ಆರಿಸಿದ್ದೇ ಪೊಟ್ಟಣದಲ್ಲಿ ಬರುತ್ತದೆ. ಅಜ್ಜಿಯ ಮೊರ ಅಟ್ಟದ ಮೇಲಿದೆ.